ಎಡಿಟ್ ಬಾಕ್ಸ್ ಅಂತೈತಿ, ಎದರ ಬಾಕ್ಸ್?

"ನಿಮ್ಮ ದನಿ ಕೇಳಿದ ಕೂಡ್ಲೆ ಗುರ್ತಾತ್ರಿ ಸರ. ರಾತ್ರಿ ಸುದ್ದಿ ಓದೋರಲ್ಲೇನ್ರಿ ನೀವು?"

ಹಾನಗಲ್ ತಾಲ್ಲೂಕಿನ ಆಡೂರಿನಲ್ಲಿ ಮನೆಯ ಕಟ್ಟೆ ಮೇಲೆ ಕೂತಿದ್ದ ಹಾರ್ಮೋನಿಯಂ ಮಾಸ್ತರರೊಬ್ಬರು ನನ್ನನ್ನು ಹೀಗೆ ಹಿಡಿದು ನಿಲ್ಲಿಸಿದರು. ಮುಖ ನೋಡಿ ಗುರುತು ಹಿಡಿದು ಸೆಲ್ಫಿ ಕೇಳುವವರು ಎಲ್ಲಾ ಕಡೆ ಸಿಗ್ತಾರೆ. ಬರೀ ದನಿಯಿಂದ ಹಿಡಿದವರು ಇವರೊಬ್ಬರೇ. ಮಾಸ್ತರರಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣಿಸುವುದಿಲ್ಲ.

ನಾನು ಆಡೂರಿಗೆ ಹೋಗಿದ್ದು ಶಾಸನದ ಮೇಲೆ ಒಂದು ಕಾರ್ಯಕ್ರಮ ಮಾಡೋದಕ್ಕೆ. ಬಾದಾಮಿ ಚಾಲುಕ್ಯರ ಕಾಲದ ಊರು ಅದು. ಆದರೆ ಮಾಸ್ತರರಿಗೆ ಶಾಸನ ಬೇಕಿರಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದು ನನ್ನ ಕಿವಿ ಹತ್ತಿರ ಹಿಡಿದರು. ಒಂದು ಮಾಸಾಶನದ ಅರ್ಜಿ ತೆರೆದಿತ್ತು. ಯಾವ ಇಲಾಖೆ, ಯಾವ ಯೋಜನೆ ಅಂತ ಹೆಸರು ಹೇಳೋದಿಲ್ಲ. ಹೇಳಬೇಕಾಗಿಯೂ ಇಲ್ಲ, ಇಂಥ ಅರ್ಜಿಗಳು ಒಂದೆರಡಲ್ಲ. ಅವರು ಪರದೆ ಮೇಲೆ ಬೆರಳು ಸರಿಸಿದರು. ಪರದೆ ಮೇಲಿರೋದನ್ನ ಓದಿ ಹೇಳುವ ತಂತ್ರಾಂಶ ಫೋನಿನೊಳಗೇ ಇರುತ್ತೆ, ಅದು ಹೇಳಿತು: "ಎಡಿಟ್ ಬಾಕ್ಸ್." ಮತ್ತೆ ಸರಿಸಿದರು. "ಎಡಿಟ್ ಬಾಕ್ಸ್." ಇನ್ನೊಮ್ಮೆ. "ಎಡಿಟ್ ಬಾಕ್ಸ್."

"ಎಡಿಟ್ ಬಾಕ್ಸ್ ಅಂತೈತ್ರಿ ಸರ. ಎದರ ಬಾಕ್ಸ್? ನನ್ನ ಹೆಸರಿಂದೋ, ನಮ್ಮಪ್ಪನ ಹೆಸರಿಂದೋ, ಬ್ಯಾಂಕಿನ ನಂಬರಿಂದೋ?"

ನಾನು ಪರದೆ ನೋಡಿದೆ. ಅಲ್ಲಿ ಎಲ್ಲಾ ಇತ್ತು. ಹೆಸರು, ತಂದೆಯ ಹೆಸರು, ಖಾತೆ ಸಂಖ್ಯೆ, ಅಚ್ಚುಕಟ್ಟಾಗಿ ಪಕ್ಕ ಪಕ್ಕ ಬರೆದಿತ್ತು. ನನ್ನ ಕಣ್ಣಿಗೆ ಕಾಣುತ್ತಿತ್ತು. ಫೋನಿಗೆ ಮಾತ್ರ ಆ ಪದಕ್ಕೂ ಆ ಖಾನೆಗೂ ಸಂಬಂಧ ಇದೆ ಅಂತ ಯಾರೂ ಹೇಳಿರಲಿಲ್ಲ.

ಮಾಸ್ತರರ ಅಳಿಯ, ಅಂದ್ರೆ ಅವರ ಅಕ್ಕನ ಮಗ, ಅದೇ ಅರ್ಜಿಯನ್ನ ಪಕ್ಕದ ದೊಡ್ಡೂರಿನ ಒಂದು ಕಂಪ್ಯೂಟರ್ ಅಂಗಡಿಗೆ ಒಯ್ದಿದ್ದನಂತೆ. ಅಲ್ಲಿ ಒಂದು ಬ್ರೌಸರಿನಲ್ಲಿ ಅರ್ಜಿ ಸಲ್ಲಿಸುವ ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ಇನ್ನೊಂದರಲ್ಲಿ ಹುಟ್ಟಿದ ತಾರೀಖು ಹಾಕಬೇಕು, ಕ್ಯಾಲೆಂಡರ್ ತೆರೆದುಕೊಳ್ಳುತ್ತೆ, ಆದರೆ ಅದು ತೋರಿಸೋದು ಈ ತಿಂಗಳು. ಮಾಸ್ತರರು ಹುಟ್ಟಿದ್ದು 1961ರಲ್ಲಿ. ಒಂದೊಂದೇ ತಿಂಗಳು ಹಿಂದೆ ಒತ್ತುತ್ತಾ ಹೋಗಬೇಕು! ಅಂಗಡಿಯವನು ಹೇಳಿದ್ದು ಇಷ್ಟು: "ಇದು ಹಳೇ ಬ್ರೌಸರ್‌ನಾಗಷ್ಟ ಚಲೋ ನಡೀತೈತ್ರಿ, ಅದು ಈಗ ಬಂದಾಗೇತಿ."

ಒಂದೇ ಅರ್ಜಿ. ಮಾವನಿಗೆ ಕಣ್ಣಿಲ್ಲದ್ದಕ್ಕೆ ಆಗಲಿಲ್ಲ, ಅಳಿಯನಿಗೆ ಕಣ್ಣಿದ್ದೂ ಆಗಲಿಲ್ಲ. ಇವು ಎರಡು ಬೇರೆ ಬೇರೆ ತೊಂದರೆ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಎರಡೂ ಒಂದೇ ರೋಗ. ಅದರ ಇತಿಹಾಸ ಇವತ್ತು ಹೇಳ್ತೀನಿ.

ಮೊದಲು ಆ ಊರಿನ ಬಗ್ಗೆ ಎರಡು ಮಾತು. ಹಾನಗಲ್ ಸೀಮೆಗೆ ಕಣ್ಣಿಲ್ಲದವರ ವಿದ್ಯೆ ಹೊಸದಲ್ಲ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಇದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಹಾನಗಲ್ ಕುಮಾರಸ್ವಾಮಿಗಳು ಆ ಅಂಧ ಬಾಲಕನನ್ನು ಕರೆತಂದು ಸಂಗೀತ ಕಲಿಸಿದ್ದು, ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮ, ಆಮೇಲೆ ಪುಟ್ಟರಾಜ ಗವಾಯಿಗಳು, ಇದೆಲ್ಲ ನಿಮಗೆ ಗೊತ್ತು. ಪುಟ್ಟರಾಜರೂ ಈ ಸೀಮೆಯವರೇ. ನೂರು ವರ್ಷದ ಹಿಂದೆ ಈ ನಾಡು ಕಣ್ಣಿಲ್ಲದ ಹುಡುಗನ ಕೈಗೆ ಹಾರ್ಮೋನಿಯಂ ಕೊಟ್ಟು, ಪಂಡಿತನನ್ನಾಗಿ ಮಾಡಿ, ಸಭೆಯಲ್ಲಿ ಕೂರಿಸಿತು. ಆ ಪರಂಪರೆಯಲ್ಲಿ ಕಲಿತ ಮಾಸ್ತರರೊಬ್ಬರಿಗೆ ಇವತ್ತು ನಾವು ಹೆಸರು ಬರೆಯುವ ಖಾನೆ ಯಾವುದು ಅಂತ ಹೇಳೋಕೆ ಆಗ್ತಿಲ್ಲ.

ಆಡೂರಿನ ಶಾಸನವನ್ನ ನೋಡಿ. ಚಾಲುಕ್ಯ ಕೀರ್ತಿವರ್ಮನ ಹೆಸರಿರುವ, ಜಿನಾಲಯಕ್ಕೆ ಕೊಟ್ಟ ದಾನ ಹೇಳುವ ಬರಹ. ಸಂಸ್ಕೃತವೂ ಇದೆ, ಹಳಗನ್ನಡವೂ ಇದೆ. ನಮ್ಮ ಕಡೆಯ ಶಾಸನಗಳಲ್ಲಿ ರಾಜನ ಹೊಗಳಿಕೆ ಸಂಸ್ಕೃತದಲ್ಲಿ, ಭೂಮಿ ವ್ಯವಹಾರ ಕನ್ನಡದಲ್ಲಿ ಇರೋದು ಸಾಮಾನ್ಯ. ಯಾಕೆ? ಹೊಗಳಿಕೆ ಅರ್ಥ ಆಗದಿದ್ದರೂ ನಡೆಯುತ್ತೆ, ಹೊಲದ ಗಡಿ ಅರ್ಥ ಆಗದಿದ್ದರೆ ಜಗಳ ಆಗುತ್ತೆ! ಕೊಟ್ಟವರು ಯಾರು, ಪಡೆದವರು ಯಾರು, ಎಷ್ಟು ಭೂಮಿ, ಎಲ್ಲಿಂದ ಎಲ್ಲಿಗೆ. ಒಂದು ಲೆಕ್ಕದಲ್ಲಿ ಅದೂ ತುಂಬಿದ ಅರ್ಜಿಯೇ. ಆ ಕಾಲದಲ್ಲಿ ಓದೋಕೆ ಬರ್ತಿದ್ದವರು ಎಷ್ಟು ಮಂದಿ ಅಂತ ಕೇಳಬೇಡಿ, ಅದನ್ನ ಸುವರ್ಣಯುಗ ಅಂತ ನಾನು ಹೇಳ್ತಾ ಇಲ್ಲ. ಓದಿ ಹೇಳುವವನೊಬ್ಬ ಸಿಕ್ಕರೆ ಕೇಳಿದವನಿಗೆ ಅರ್ಥ ಆಗುವ ಹಾಗೆ ಬರೆದಿದ್ದರು ಅಂತಷ್ಟೇ ಹೇಳ್ತಿದ್ದೀನಿ. ಮಾಸ್ತರರ ಫೋನಿನಲ್ಲಿ ಓದಿ ಹೇಳುವವನು ಇದ್ದ. ಓದೋಕೆ ಹೆಸರು ಇರಲಿಲ್ಲ.

ಈಗ ವೆಬ್ ಅರ್ಜಿಯ ಕಥೆಗೆ ಬನ್ನಿ. ವರ್ಲ್ಡ್ ವೈಡ್ ವೆಬ್ ಶುರುವಾದಾಗ ಹೆಚ್ಚಿನವರಿಗೆ ಅದು ಓದುವ ಪುಸ್ತಕ. ಓದುಗ ಅರ್ಜಿ ತುಂಬಿ ವಾಪಸ್ ಕಳಿಸುವ ಹಾಗಿರಲಿಲ್ಲ. 1993ರ ಕೊನೆ ಹೊತ್ತಿಗೆ ಅಮೆರಿಕದ ಮೊಸಾಯಿಕ್ ಬ್ರೌಸರಿನಲ್ಲಿ ತುಂಬುವ ಖಾನೆಗಳು ಬಂದವು. 1995ರ ನವೆಂಬರಿನಲ್ಲಿ ಎಚ್‌ಟಿಎಂಎಲ್ 2.0 ಅನ್ನುವ ನಿಯಮ ಪುಸ್ತಕ ಬಂತು, ಅರ್ಜಿ ಹೇಗಿರಬೇಕು ಅಂತ ಅದರಲ್ಲಿ ಬರೆದರು. ಅದೇ ವರ್ಷ ಆಗಸ್ಟ್ 15ಕ್ಕೆ ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತ್ತು.

ಗಮನ ಇಟ್ಟು ಕೇಳಿ, ಮುಖ್ಯವಾದದ್ದು ಈಗ ಬರುತ್ತೆ. 1997ರ ಡಿಸೆಂಬರಿನಲ್ಲಿ ಎಚ್‌ಟಿಎಂಎಲ್ 4.0 ಬಂತು. ಅದರಲ್ಲಿ ಲೇಬಲ್ ಅನ್ನುವ ಒಂದು ಸಣ್ಣ ಗುರುತು ಸೇರಿತು. "ಹೆಸರು" ಅನ್ನುವ ಪದ ಈ ಖಾನೆಗೇ ಸೇರಿದ್ದು ಅಂತ ಕಂಪ್ಯೂಟರಿಗೆ ಹೇಳುವ ಗಂಟು ಅದು. ಗಂಟು ಹಾಕಿದರೆ ಓದುವ ತಂತ್ರಾಂಶ "ಹೆಸರು, ಎಡಿಟ್ ಬಾಕ್ಸ್" ಅನ್ನುತ್ತೆ. ಹಾಕದಿದ್ದರೆ "ಎಡಿಟ್ ಬಾಕ್ಸ್" ಅಂತ ಬಾಯಿ ಮುಚ್ಚುತ್ತೆ. ಒಂದೇ ಒಂದು ಸಾಲು. 1999ರ ಮೇನಲ್ಲಿ ವೆಬ್ ಒಕ್ಕೂಟ ಅಂಗವಿಕಲರಿಗಾಗಿ ಮೊದಲ ಮಾರ್ಗಸೂಚಿ ಹೊರಡಿಸಿದಾಗ ಇದನ್ನೂ ಅದರಲ್ಲಿ ಬರೆಯಿತು. ಅಂದ್ರೆ ಮಾಸ್ತರರ ಪ್ರಶ್ನೆಗೆ ಉತ್ತರ ಇಪ್ಪತ್ತೈದು ವರ್ಷಕ್ಕೂ ಹಿಂದೆಯೇ ಸಿದ್ಧ ಇತ್ತು.

ಹಾಗಾದರೆ ಎಡವಿದ್ದು ಎಲ್ಲಿ? ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ನಡುವೆ ಯುದ್ಧ ನಡೀತು. ಒಬ್ಬೊಬ್ಬರೂ ನಿಯಮ ಪುಸ್ತಕ ಬಿಟ್ಟು ತಮ್ಮದೇ ಹೊಸ ಆಟಿಕೆ ಸೇರಿಸಿದರು. 2001ರಲ್ಲಿ ಎಕ್ಸ್‌ಪ್ಲೋರರ್ 6 ಬಂದ ಮೇಲೆ ಯುದ್ಧವೇ ಮುಗಿದುಹೋಯ್ತು, ಜಗತ್ತಿನ ಬಹುಪಾಲು ಕಂಪ್ಯೂಟರಿನಲ್ಲಿ ಅದೇ. ಆಗ ಜಾಲತಾಣಗಳ ಕೆಳಗೆ ಒಂದು ಸಾಲು ಇರ್ತಿತ್ತು, ನಿಮಗೂ ನೆನಪಿರಬಹುದು: ಈ ತಾಣವನ್ನು ಇಂಥ ಬ್ರೌಸರಿನಲ್ಲಿ, ಇಂಥ ಅಳತೆಯ ಪರದೆಯಲ್ಲಿ ನೋಡಿದರೆ ಚೆನ್ನ ಅಂತ. ಅಂಗಡಿ ಬಾಗಿಲಿಗೆ "ಐದೂವರೆ ಅಡಿ ಎತ್ತರ ಇದ್ದವರಿಗೆ ಮಾತ್ರ" ಅಂತ ಬೋರ್ಡು ಹಾಕಿದ ಹಾಗೆ. ಯಾರಿಗೂ ನಾಚಿಕೆ ಅನ್ನಿಸಲಿಲ್ಲ.

ಕನ್ನಡದ ಪಾಡು ಇನ್ನೂ ಕಷ್ಟ. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೊದಲಿನಿಂದ ಜಾಗ ಇತ್ತು. ಆದರೆ ಹಳೇ ಕಂಪ್ಯೂಟರುಗಳಿಗೆ ಅದು ಅರ್ಥ ಆಗ್ತಿರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಅಕ್ಷರ ಬರುವವರೆಗೆ ನಾವೆಲ್ಲ ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡದ ಚಿತ್ರ ಹೊದಿಸಿ ಕೆಲಸ ನಡೆಸಿದೆವು. ಜಾಲತಾಣಗಳಲ್ಲಿ ಆಗ ಡೈನಾಮಿಕ್ ಫಾಂಟ್ ಅಂತ ಇತ್ತು, ಎಕ್ಸ್‌ಪ್ಲೋರರಿನಲ್ಲಿ ತೆರೆದರೆ ಕನ್ನಡ, ಬೇರೆಯದರಲ್ಲಿ ತೆರೆದರೆ ಚಿತ್ರಲಿಪಿ. ಆ ಕಾಲದಲ್ಲಿ ನುಡಿ, ಬರಹ ತಂತ್ರಾಂಶಗಳು ಕಂಪ್ಯೂಟರಿನಲ್ಲಿ ಕನ್ನಡ ಬರೆಯೋಕೆ ನೆರವಾದವು, ಆ ಉಪಕಾರ ಮರೆಯೋ ಹಾಗಿಲ್ಲ. ಆದರೆ ಓದುವ ತಂತ್ರಾಂಶ ಚಿತ್ರ ನೋಡೋದಿಲ್ಲ, ಕೆಳಗಿನ ಸಂಕೇತ ಓದುತ್ತೆ. ಕಣ್ಣಿದ್ದವನಿಗೆ "ತಂದೆಯ ಹೆಸರು" ಅಂತ ಕಂಡದ್ದು ಕಣ್ಣಿಲ್ಲದವನ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗದ್ದಲ. ಬೇರೆ ಬ್ರೌಸರ್ ಬಳಸಿದವನ ಕಣ್ಣಿಗೆ ಬಿದ್ದದ್ದೂ ಅದೇ ಗದ್ದಲ. ನೋಡಿ, ರೋಗ ಒಂದೇ ಅಂದೆನಲ್ಲ.

ಇದೇ ಹೊತ್ತಿಗೆ ನಮ್ಮ ರಾಜ್ಯದಲ್ಲಿ ದೊಡ್ಡ ಕೆಲಸವೊಂದು ನಡೆದಿತ್ತು. ಭೂಮಿ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನ ಕಂಪ್ಯೂಟರಿಗೆ ಹಾಕಿದರು. ಹಾನಗಲ್ ಕಡೆ ಉತಾರ ಅಂತಾರೆ. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಉತಾರ ಕೈಗೆ. ಶ್ಯಾನುಭೋಗರ ಪೆಟ್ಟಿಗೆ ಕಾಯುವ ಕಾಲ ಹೋಯಿತು. ಇಡೀ ದೇಶ ಬಂದು ನೋಡಿಕೊಂಡು ಹೋದ ಕೆಲಸ ಅದು, ನನಗೂ ಅದರ ಮೇಲೆ ಗೌರವ ಇದೆ. ಆದರೆ ಅಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದವನು ಸಿಬ್ಬಂದಿ. ಅವನಿಗೆ ತರಬೇತಿ ಇತ್ತು, ಅವನ ಯಂತ್ರ ಯಾವುದು ಅಂತ ಸರ್ಕಾರಕ್ಕೆ ಗೊತ್ತಿತ್ತು. ರೈತ ಕಿಟಕಿಯಾಚೆ ನಿಂತಿದ್ದ. ಕೆಲವು ವರ್ಷ ಕಳೆದ ಮೇಲೆ ಸೇವೆಗಳೆಲ್ಲ ಜನರ ಮನೆಗೆ, ಆಮೇಲೆ ಜನರ ಮೊಬೈಲಿಗೆ ಬಂದವು. ಕಿಟಕಿ ತೆಗೆದರು. ಆದರೆ ಅರ್ಜಿ ಬರೆಯುವವರು ಮಾತ್ರ ಇನ್ನೂ ಆ ಒಂದು ಯಂತ್ರ, ಆ ಒಬ್ಬ ಸಿಬ್ಬಂದಿಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದಾರೆ. ನನ್ನ ಪ್ರಕಾರ ಇಡೀ ಗೊಂದಲದ ಬೇರು ಇಲ್ಲಿದೆ.

ಇದು ನಮ್ಮಲ್ಲಿ ಮಾತ್ರ ಅಂತ ತಿಳಿಯಬೇಡಿ. 2005ರ ಆಗಸ್ಟ್ 29ರಂದು ಅಮೆರಿಕಕ್ಕೆ ಕತ್ರಿನಾ ಚಂಡಮಾರುತ ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್ ಮುಳುಗಿತು. ಮನೆ ಕಳಕೊಂಡವರು ಪರಿಹಾರಕ್ಕೆ ಅರ್ಜಿ ಹಾಕಬೇಕು. ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಆನ್‌ಲೈನ್ ಅರ್ಜಿ ತೆರೆಯುತ್ತಿದ್ದದ್ದು ಎಕ್ಸ್‌ಪ್ಲೋರರ್ 6ರಲ್ಲಿ ಮಾತ್ರ! ಮ್ಯಾಕ್ ಇದ್ದವರಿಗೆ, ಫೈರ್‌ಫಾಕ್ಸ್ ಇದ್ದವರಿಗೆ ಬಾಗಿಲು ಬಂದ್. ಸೊಂಟದ ಮಟ್ಟ ನೀರಲ್ಲಿ ನಿಂತವನಿಗೆ ನಿನ್ನ ಬ್ರೌಸರ್ ಸರಿ ಇಲ್ಲ ಅನ್ನೋದು ಅಂದ್ರೆ ಏನು, ಯೋಚನೆ ಮಾಡಿ.

ದಕ್ಷಿಣ ಕೊರಿಯಾ ಇನ್ನೊಂದು ಉದಾಹರಣೆ. ಅಲ್ಲಿ 1999ರ ಸುಮಾರಿಗೆ ದೇಶದ್ದೇ ಒಂದು ಗುಪ್ತಲಿಪಿ ವಿಧಾನ ಮಾಡಿ, ಬ್ಯಾಂಕು, ಖರೀದಿ ಎಲ್ಲದಕ್ಕೂ ಅದನ್ನೇ ಬಳಸಿದರು. ಆದರೆ ಅದು ನಡೀತಿದ್ದದ್ದು ಎಕ್ಸ್‌ಪ್ಲೋರರಿನ ಆಕ್ಟಿವ್‌ಎಕ್ಸ್ ಮೂಲಕ. ಹದಿನೈದು ವರ್ಷ ಇಡೀ ದೇಶ ಒಂದು ಕಂಪನಿಯ ಒಂದು ಬ್ರೌಸರಿಗೆ ಕಟ್ಟುಬಿದ್ದಿತ್ತು. ಬಿಡಿಸಿದ್ದು ಯಾರು ಗೊತ್ತಾ? ಒಂದು ಟಿವಿ ಧಾರಾವಾಹಿ! 2014ರಲ್ಲಿ ಅಲ್ಲಿನ ಧಾರಾವಾಹಿಯ ನಾಯಕಿ ಹಾಕಿದ ಕೋಟು ಕೊಳ್ಳೋಕೆ ಚೀನಾದವರು ಮುಗಿಬಿದ್ದರು, ಅರ್ಜಿ ತುಂಬೋಕೆ ಆಗಲಿಲ್ಲ. ಅಧ್ಯಕ್ಷೆಯೇ ಆ ಕೋಟಿನ ಮಾತೆತ್ತಿ ನಿಯಮ ಸಡಿಲಿಸಿ ಅಂದರು. ವಿದೇಶಿ ಗಿರಾಕಿಗೆ ತೊಂದರೆ ಆದಾಗ ಸರ್ಕಾರಕ್ಕೆ ಎಚ್ಚರ ಆಗುತ್ತೆ, ಇದು ಎಲ್ಲಾ ದೇಶದ ಕಥೆ. 2022ರ ಜೂನ್ 15ಕ್ಕೆ ಎಕ್ಸ್‌ಪ್ಲೋರರ್ ನಿವೃತ್ತಿ ಆಯ್ತು. ಆಗ ಕೊರಿಯಾದ ಒಬ್ಬ ಇಂಜಿನಿಯರ್ ಅದಕ್ಕೆ ಕಲ್ಲಿನ ಸಮಾಧಿ ಫಲಕ ಮಾಡಿಸಿದ. ಬೇರೆ ಬ್ರೌಸರ್ ಇಳಿಸಿಕೊಳ್ಳೋಕೆ ಒಳ್ಳೆಯ ಸಾಧನವಾಗಿತ್ತು ಅಂತ ಅದರ ಮೇಲೆ ಕೆತ್ತಿಸಿದ್ದ. ಅದೂ ಒಂದು ಶಾಸನವೇ ಅನ್ನಿ.

ಕಾನೂನು ಇಲ್ಲವಾ? ಇದೆ, ಬೇಕಾದಷ್ಟಿದೆ. 2009ರಲ್ಲೇ ಕೇಂದ್ರ ಸರ್ಕಾರಿ ಜಾಲತಾಣಗಳಿಗೆ ಮಾರ್ಗಸೂಚಿ ಬಂತು. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದಾರೆ, ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. 2024ರ ನವೆಂಬರಿನಲ್ಲಿ ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಇವೆಲ್ಲ ಬರೀ ಸಲಹೆಯ ಹಾಗಿದ್ದರೆ ಸಾಲದು, ಕಡ್ಡಾಯ ಮಾಡಿ ಅಂತ. ಆಮೇಲೆ 2025ರ ಏಪ್ರಿಲ್ 30. ಪ್ರಜ್ಞಾ ಪ್ರಸೂನ್ ಆ್ಯಸಿಡ್ ದಾಳಿಗೆ ಒಳಗಾದವರು. ಬ್ಯಾಂಕ್ ಖಾತೆ ತೆರೆಯೋಕೆ ಹೋದಾಗ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ, ನೀವು ಜೀವಂತ ಇದ್ದೀರಿ ಅಂತ ತೋರಿಸಿ ಅಂದರು. ದಾಳಿಯಲ್ಲಿ ಅವರ ಕಣ್ಣುಗಳಿಗೆ ಹಾನಿಯಾಗಿತ್ತು, ಮಿಟುಕಿಸೋದು ಎಲ್ಲಿಂದ? ಆ ಪ್ರಕರಣದಲ್ಲಿ ಕೋರ್ಟ್ 20 ನಿರ್ದೇಶನ ಕೊಟ್ಟಿತು. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಸಂಜೆ ಏಳರ ಚರ್ಚೆಯಲ್ಲಿ ಇದಕ್ಕೆ ನಾವು ಎಷ್ಟು ನಿಮಿಷ ಕೊಟ್ಟೆವು ಅಂತ ಕೇಳಬೇಡಿ. ನನಗೇ ಹೇಳೋಕೆ ಮುಜುಗರ.

ಆಡೂರಿನಿಂದ ವಾಪಸ್ ಬಂದವನು ನಮ್ಮ ಚಾನೆಲ್ಲಿನ ಜಾಲತಾಣ ನೋಡಿಕೊಳ್ಳುವ ಹುಡುಗನನ್ನ ಕರೆದೆ. ಸರ್ಕಾರದ ಅರ್ಜಿ ಬಗ್ಗೆ ಒಂದು ಎಪಿಸೋಡು ಮಾಡೋಣ, ಹರಿದು ಹಾಕೋಣ ಅಂತ ನನ್ನ ಉತ್ಸಾಹ. ಅವನು ಮೆಲ್ಲಗೆ ಅಂದ, "ಸಾರ್, ಮೊದ್ಲು ನಮ್ಮದು ನೋಡೋಣ್ವಾ?" ಮೌಸ್ ಕಿತ್ತು ಪಕ್ಕಕ್ಕಿಟ್ಟ. ಬರೀ ಟ್ಯಾಬ್ ಕೀಲಿಯಿಂದ ವೀಕ್ಷಕರ ಅಭಿಪ್ರಾಯದ ಅರ್ಜಿ ತುಂಬಿ ಅಂದ. ಮೂರನೇ ಖಾನೆಗೆ ನಾನು ಸಿಕ್ಕಿಹಾಕಿಕೊಂಡೆ. ಜಿಲ್ಲೆ ಆರಿಸುವ ಪಟ್ಟಿ ಚಂದ ಕಾಣಲಿ ಅಂತ ಯಾರೋ ಬ್ರೌಸರಿನ ಅಸಲಿ ಪಟ್ಟಿ ಬಿಟ್ಟು ಸ್ವಂತ ಬಣ್ಣದ ಪಟ್ಟಿ ಕಟ್ಟಿದ್ದರು, ಅದು ಮೌಸಿಗೆ ಮಾತ್ರ ಬಗ್ಗುತ್ತಿತ್ತು. ಆಮೇಲೆ ಕಣ್ಣು ಮುಚ್ಚಿಸಿ ಎನ್‌ವಿಡಿಎ ಹಾಕಿದ. ಆಸ್ಟ್ರೇಲಿಯಾದ ಇಬ್ಬರು ದೃಷ್ಟಿಹೀನ ಯುವಕರು ಕಟ್ಟಿ ಬೆಳೆಸಿದ, ಪುಕ್ಕಟೆ ಸಿಗುವ ಓದು ತಂತ್ರಾಂಶ ಅದು, ಕನ್ನಡವನ್ನೂ ಓದುತ್ತೆ. ನನ್ನದೇ ಚಾನೆಲ್ಲಿನ ಅರ್ಜಿ ನನಗೆ ಹೇಳಿತು: "ಎಡಿಟ್. ಎಡಿಟ್. ಎಡಿಟ್."

ಸರಿ ಮಾಡೋದು ಕಷ್ಟವಾ ಅಂತ ಕೇಳಿದೆ. ಅವನು ಹೇಳಿದ್ದನ್ನ ನನಗೆ ಅರ್ಥ ಆದಷ್ಟು ಹೇಳ್ತೀನಿ. ಮೊದಲು ಅಲಂಕಾರ ಎಲ್ಲಾ ತೆಗೆದು, ನಿಯಮ ಪುಸ್ತಕದಲ್ಲಿರುವ ಸಾದಾ ಖಾನೆ, ಸಾದಾ ಪಟ್ಟಿ, ಸಾದಾ ಗುಂಡಿ ಇಡಬೇಕು. ಅವು ಹಳೇ ಬ್ರೌಸರಿಗೂ ಗೊತ್ತು, ಹೊಸದಕ್ಕೂ ಗೊತ್ತು, ಓದುವ ತಂತ್ರಾಂಶಕ್ಕೂ ಗೊತ್ತು. ಪ್ರತಿ ಖಾನೆಗೂ ಲೇಬಲ್ ಕಟ್ಟಬೇಕು. ಖಾನೆಯೊಳಗೆ ಮಸುಕಾಗಿ "ಹೆಸರು ಬರೆಯಿರಿ" ಅಂತ ಹಾಕಿದರೆ ಸಾಲದು, ಬರೆಯೋಕೆ ಶುರು ಮಾಡಿದ ಕೂಡಲೇ ಅದು ಮಾಯ. ತಪ್ಪಾದರೆ ಖಾನೆಗೆ ಕೆಂಪು ಬಣ್ಣ ಬಳಿದು ಸುಮ್ಮನಾಗಬಾರದು, ಏನು ತಪ್ಪು ಅಂತ ಮಾತಿನಲ್ಲಿ ಬರೆಯಬೇಕು, ಆ ಮಾತೂ ಖಾನೆಗೆ ಕಟ್ಟಿರಬೇಕು. ಹುಟ್ಟಿದ ತಾರೀಖಿಗೆ ಕ್ಯಾಲೆಂಡರ್ ಬೇಡವೇ ಬೇಡ, ದಿನ, ತಿಂಗಳು, ವರ್ಷ ಅಂತ ಮೂರು ಖಾನೆ ಸಾಕು. ತನ್ನ ಹುಟ್ಟಿದ ದಿನವನ್ನ ಯಾರೂ ಕ್ಯಾಲೆಂಡರಿನಲ್ಲಿ ಹುಡುಕಲ್ಲ, ಎಲ್ಲರಿಗೂ ಬಾಯಿಪಾಠ ಇರುತ್ತೆ! ಬ್ರೌಸರಿನಲ್ಲಿ ಏನೇ ಪರೀಕ್ಷೆ ಇಟ್ಟರೂ ಕೊನೆಯ ಪರೀಕ್ಷೆ ನಮ್ಮ ಸರ್ವರಿನಲ್ಲಿ ಆಗಬೇಕು, ಯಾಕಂದ್ರೆ ಬ್ರೌಸರ್ ಕೈಕೊಟ್ಟರೂ ಅರ್ಜಿ ತಲುಪಬೇಕು. ಇಷ್ಟೆಲ್ಲಾ ನಿಂತ ಮೇಲೆ ಬೇಕಾದ ಅಲಂಕಾರ ಮಾಡಿಕೊಳ್ಳಿ. ಈ ಕ್ರಮವನ್ನ 2003ರಿಂದಲೇ ವೆಬ್ ಕೆಲಸದವರು ಒಂದು ಹೆಸರಿಟ್ಟು ಹೇಳ್ತಾ ಬಂದಿದ್ದಾರಂತೆ.

ನಾನು ಕೇಳಿದೆ, ಇದರಲ್ಲಿ ಬೇರೆ ಬೇರೆ ಬ್ರೌಸರಿಗಾಗಿ ಮಾಡಿದ್ದು ಯಾವುದು, ಕಣ್ಣಿಲ್ಲದವರಿಗಾಗಿ ಮಾಡಿದ್ದು ಯಾವುದು? ಅವನು ಸ್ವಲ್ಪ ಹೊತ್ತು ಯೋಚಿಸಿ, "ಬೇರೆ ಮಾಡೋಕಾಗಲ್ಲ ಸಾರ್" ಅಂದ.

ಒಂದು ಮಧ್ಯಾಹ್ನದ ಕೆಲಸ. ಸಂಜೆ ಹೊತ್ತಿಗೆ ಮುಗಿಸಿದ. ಇಷ್ಟು ವರ್ಷ ಯಾಕೆ ಮಾಡಿರಲಿಲ್ಲ ಅಂದರೆ, "ಯಾರೂ ಕೇಳಿರಲಿಲ್ಲ ಸಾರ್." ಕೇಳಬೇಕಾದವರು ಕೇಳೋದಕ್ಕೆ ಇದ್ದದ್ದು ಅದೇ ಅರ್ಜಿ ತಾನೇ? ಅದು ತುಂಬೋಕೆ ಆಗದವರು ದೂರು ಬರೆಯೋದು ಎಲ್ಲಿ?

ಆಡೂರಿನ ಮಾಸ್ತರರಿಗೆ ಫೋನ್ ಮಾಡಿದೆ. ಅವರ ಮಾಸಾಶನದ ಅರ್ಜಿ ಕಾಗದದಲ್ಲೇ ಹೋಗಿತ್ತು. ಅಳಿಯ ಬರೆದ, ಬಸ್ಸಿನಲ್ಲಿ ಕಚೇರಿಗೆ ಒಯ್ದರು. ಅಲ್ಲಿಯವರು ಹೆಬ್ಬೆಟ್ಟು ಒತ್ತಿ ಅಂದಾಗ ಇವರು, "ಯಾಕ್ರಿ, ನನಗ ಸಹಿ ಬರ್ತೈತಿ" ಅಂತ ಪೆನ್ನು ಇಸಕೊಂಡು ಸಹಿ ಮಾಡಿ ಬಂದಿದ್ದರು. ಉತ್ತರ ಇನ್ನೂ ಬಂದಿರಲಿಲ್ಲ. ನಾನು, ನಮ್ಮ ಚಾನೆಲ್ಲಿನ ಅರ್ಜಿಯನ್ನ ಒಮ್ಮೆ ತುಂಬಿ ನೋಡ್ತೀರಾ ಅಂತ ಕೇಳಿದೆ.

ಅರ್ಧ ಗಂಟೆಗೆ ಬಂತು. ಹೆಸರು ಹೆಸರಿನ ಖಾನೆಯಲ್ಲಿತ್ತು, ಊರು ಊರಿನ ಖಾನೆಯಲ್ಲಿ, ಜಿಲ್ಲೆ ಹಾವೇರಿ. ಅಭಿಪ್ರಾಯ ಅನ್ನುವ ಕಡೆ ಇಷ್ಟೇ ಬರೆದಿದ್ದರು: "ರಾತ್ರಿ ಸುದ್ದಿಗಿಂತ ಮೊದಲ ಬರೋ ನಿಮ್ಮ ಸಂಗೀತದಾಗ ಹಾರ್ಮೋನಿಯಂ ಶ್ರುತಿ ಒಂಚೂರು ಏರೇತಿ. ದಿನಾ ಕಿವಿಗೆ ಚುಚ್ಚತೈತಿ. ಸರಿ ಮಾಡಸ್ರಿ."